ಕರೆಂಟು ಹೋದ ಮೇಲೆ ಏನು ಉಳಿಯಿತು?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ರೂಪ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದೆ. ಬರೆಯುವವರು ಹೆಚ್ಚಾಗಿ ಸರ್ವರ್ ನೋಡಿಕೊಳ್ಳುವ ತರುಣ ಎಂಜಿನಿಯರುಗಳು, ಇಲ್ಲವೇ ಪ್ರಾಜೆಕ್ಟ್‌ಗೆಂದು ಮನೆಯ ಕಂಪ್ಯೂಟರಿನಲ್ಲಿ ವರ್ಚುವಲ್ ಮೆಷಿನ್ (ವಿಎಂ) ಓಡಿಸುವ ವಿದ್ಯಾರ್ಥಿಗಳು. ‘ವಿಎಂಗೆ ಪರ್ಸಿಸ್ಟೆಂಟ್ ಮೆಮೊರಿ ಜೋಡಿಸಿದೆ, ಒಳಗಿನ ಲಿನಕ್ಸ್‌ನಲ್ಲಿ ಪಿಮೆಮ್0 ಅಂತ ಸಾಧನ ಕಾಣಿಸುತ್ತಿದೆ, ಡೇಟಾಬೇಸನ್ನು ಅದರ ಮೇಲೆ ಇಡಬಹುದಲ್ಲವೇ’ ಎಂಬುದು ಅವರ ಪ್ರಶ್ನೆಯ ತಿರುಳು. ಸಾಧನ ಕಾಣಿಸುವುದು ಬೇರೆ, ಅದು ಕೊಟ್ಟ ಮಾತು ಉಳಿಸಿಕೊಳ್ಳುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ಅಳೆಯದೆ ಡೇಟಾ ಇಡಬೇಡಿ ಎಂಬುದು ನನ್ನ ಉತ್ತರ. ಯಾಕೆ ಎಂಬುದನ್ನು ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಂಪ್ಯೂಟರಿನ ಸಾಮಾನ್ಯ ರ್‍ಯಾಮ್‌ಗೆ ಕರೆಂಟು ಇರುವ ತನಕ ಮಾತ್ರ ನೆನಪು. ಡಿಸ್ಕಿಗೆ ಕರೆಂಟು ಹೋದರೂ ನೆನಪಿರುತ್ತದೆ, ಆದರೆ ಅದರ ಜೊತೆ 512 ಅಥವಾ 4,096 ಬೈಟುಗಳ ಗಂಟಿನಲ್ಲೇ ವ್ಯವಹಾರ ಮಾಡಬೇಕು. ಪರ್ಸಿಸ್ಟೆಂಟ್ ಮೆಮೊರಿ ಇವೆರಡರ ಗುಣಗಳನ್ನೂ ಸೇರಿಸಿಕೊಂಡದ್ದು. ರ್‍ಯಾಮ್ ಕೂರುವ ಜಾಗದಲ್ಲೇ ಕೂತು, ಪ್ರೊಸೆಸರ್ ಒಂದೊಂದು ಬೈಟನ್ನೂ ನೇರವಾಗಿ ಓದಿ ಬರೆಯುವಂತಿದ್ದು, ಕರೆಂಟು ಹೋದರೂ ಬರೆದದ್ದನ್ನು ಬಿಟ್ಟುಕೊಡದ ಸಾಧನ. ಎನ್‌ವಿಡಿಮ್ ಎಂಬ ಹೆಸರಿನಲ್ಲಿ ಮೊದಲು ಬಂದ ಇಂಥ ಮಾಡ್ಯೂಲ್‌ಗಳಲ್ಲಿ ಒಂದು ಬಗೆಯವು ಮಾಮೂಲಿ ರ್‍ಯಾಮ್‌ನ ಪಕ್ಕದಲ್ಲೇ ಫ್ಲ್ಯಾಶ್ ಚಿಪ್ ಇಟ್ಟುಕೊಂಡಿರುತ್ತಿದ್ದವು. ಕರೆಂಟು ಕೈಕೊಟ್ಟ ಕ್ಷಣ ಬ್ಯಾಟರಿಯ ಅಥವಾ ಸೂಪರ್ ಕೆಪಾಸಿಟರಿನ ಬಲದಲ್ಲಿ ರ್‍ಯಾಮ್‌ನಲ್ಲಿದ್ದುದೆಲ್ಲ ಫ್ಲ್ಯಾಶ್‌ಗೆ ನಕಲಾಗುತ್ತಿತ್ತು. ಆಮೇಲೆ 2015ರ ಜುಲೈಯಲ್ಲಿ ಇಂಟೆಲ್ ಮತ್ತು ಮೈಕ್ರಾನ್ ಕಂಪನಿಗಳು ತ್ರೀಡಿ ಕ್ರಾಸ್‌ಪಾಯಿಂಟ್ ಎಂಬ ಹೊಸ ತಂತ್ರವನ್ನು ಘೋಷಿಸಿದವು. ಅದನ್ನು ಆಧರಿಸಿದ ಆಪ್ಟೇನ್ ಮೆಮೊರಿ ಮಾಡ್ಯೂಲ್‌ಗಳು 2019ರ ಏಪ್ರಿಲ್‌ನಲ್ಲಿ 128, 256 ಮತ್ತು 512 ಜಿಬಿ ಗಾತ್ರಗಳಲ್ಲಿ ಮಾರುಕಟ್ಟೆಗೆ ಬಂದವು. 2021ರಲ್ಲಿ ಮೈಕ್ರಾನ್ ಕೈಬಿಟ್ಟಿತು. 2022ರ ಜುಲೈಯಲ್ಲಿ ಇಂಟೆಲ್ ಕೂಡ ಆಪ್ಟೇನ್ ವ್ಯವಹಾರವನ್ನು ಮುಚ್ಚುವುದಾಗಿ ಹೇಳಿತು.

ಸಾಧನ ಹೋದ ಮೇಲೆ ಪ್ರಶ್ನೆಯೂ ಹೋಗಬೇಕಿತ್ತು. ಹೋಗಲಿಲ್ಲ. ಆ ಸಾಧನಕ್ಕಾಗಿ ಲಿನಕ್ಸ್ ಕರ್ನಲ್‌ನಲ್ಲಿ, ವಿಎಂ ಓಡಿಸುವ ಕ್ಯೂಎಮುವಿನಲ್ಲಿ, ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ವರ್ಷಗಟ್ಟಲೆ ಕಟ್ಟಿದ ಸಾಫ್ಟ್‌ವೇರ್ ಹಾಗೇ ಉಳಿದಿದೆ ಮತ್ತು ಚೆನ್ನಾಗಿ ಕೆಲಸ ಮಾಡುತ್ತದೆ. ನಿಜವಾದ ಪರ್ಸಿಸ್ಟೆಂಟ್ ಮೆಮೊರಿ ಇಲ್ಲದ ಯಂತ್ರದಲ್ಲೂ ವಿಎಂಗೆ ಅಂಥದ್ದೊಂದು ಇದೆ ಎಂದು ತೋರಿಸುವುದಕ್ಕೆ ಅದರಿಂದ ಸಾಧ್ಯ. ಅದರಿಂದ ನಿಜವಾದ ಲಾಭವೂ ಇದೆ. ತೊಡಕು ಹುಟ್ಟುವುದೂ ಇಲ್ಲಿಂದಲೇ.

ನಿಜವಾದ ಯಂತ್ರದಲ್ಲಿ ಒಂದು ಬೈಟು ‘ಉಳಿಯಿತು’ ಎನ್ನಬೇಕಾದರೆ ಅದು ಯಾವ ದಾರಿ ಸವೆಸಬೇಕು ನೋಡಿ. ಪ್ರೋಗ್ರಾಮು ಬರೆದದ್ದು ಮೊದಲು ಪ್ರೊಸೆಸರಿನ ಕ್ಯಾಶ್‌ನಲ್ಲಿ ಕೂರುತ್ತದೆ. ಅಲ್ಲಿಂದ ಹೊರಕ್ಕೆ ತಳ್ಳಲು ಸಿಎಲ್‌ಡಬ್ಲ್ಯುಬಿ ಎಂಬ ಸೂಚನೆ, ತಳ್ಳಿದ್ದು ಕ್ರಮ ತಪ್ಪದಂತೆ ನೋಡಿಕೊಳ್ಳಲು ಎಸ್‌ಫೆನ್ಸ್ ಎಂಬ ಇನ್ನೊಂದು. ಆಗ ಅದು ಮೆಮೊರಿ ಕಂಟ್ರೋಲರಿನ ಸರತಿಗೆ ಬರುತ್ತದೆ. ಕರೆಂಟು ಹೋದರೆ ಆ ಸರತಿಯಲ್ಲಿರುವುದನ್ನು ಮಾಡ್ಯೂಲ್‌ಗೆ ಮುಟ್ಟಿಸುವ ಹೊಣೆಯನ್ನು ಎಡಿಆರ್ ಎಂಬ ಯಂತ್ರಾಂಶದ ಏರ್ಪಾಡು ಹೊತ್ತಿರುತ್ತದೆ. ಅಷ್ಟಾದರೂ ಒಂದೇ ಏಟಿಗೆ, ಅರ್ಧಕ್ಕೆ ಹರಿಯದಂತೆ ಉಳಿಯುವುದು 8 ಬೈಟು ಮಾತ್ರ. ಅದಕ್ಕಿಂತ ದೊಡ್ಡದನ್ನು ಕೂಡಿಸಿಡುವುದು ಸಾಫ್ಟ್‌ವೇರಿನ ಕೆಲಸ. ಫೈಲ್ ಸಿಸ್ಟಂ ಮಟ್ಟದಲ್ಲಿ ಡ್ಯಾಕ್ಸ್ ಎಂಬ ವಿಧಾನವಿದೆ. ಇದರಲ್ಲಿ ಕರ್ನಲ್‌ನ ಪೇಜ್ ಕ್ಯಾಶ್ ಎಂಬ ನಡುಮನೆಯೇ ಇಲ್ಲ, ಪ್ರೋಗ್ರಾಮು ಸೀದಾ ಸಾಧನದ ಮೇಲೇ ಬರೆಯುತ್ತದೆ. 2018ರ ಜನವರಿಯಲ್ಲಿ ಬಂದ ಲಿನಕ್ಸ್ 4.15ರಲ್ಲಿ ಮ್ಯಾಪ್-ಸಿಂಕ್ ಎಂಬ ಸೌಲಭ್ಯ ಸೇರಿತು. ‘ನೀನು ಕ್ಯಾಶ್ ತಳ್ಳಿದರೆ ಸಾಕು, ಡೇಟಾ ಉಳಿಸಿಕೊಡು ಎಂದು ಕೇಳುವ ಎಫ್‌ಸಿಂಕ್ ಕರೆಯಬೇಕಿಲ್ಲ, ಡೇಟಾ ಉಳಿಯಿತು ಎಂದೇ ತಿಳಿ’ ಎಂದು ಕರ್ನಲ್ ಪ್ರೋಗ್ರಾಮಿಗೆ ಕೊಡುವ ಮಾತು ಅದು.

ಈಗ ಇದೇ ದಾರಿಯನ್ನು ವಿಎಂ ಒಳಗಿನಿಂದ ನೋಡೋಣ. ಕ್ಯೂಎಮುವಿನಲ್ಲಿ 2016ರ 2.6 ಆವೃತ್ತಿಯಿಂದ ವರ್ಚುವಲ್ ಎನ್‌ವಿಡಿಮ್ ಇದೆ. ಜೋಡಿಸುವುದು ಕಷ್ಟವಲ್ಲ. ಮೆಷಿನ್ ಆಯ್ಕೆಯಲ್ಲಿ ಎನ್‌ವಿಡಿಮ್ ಆನ್ ಮಾಡಬೇಕು. ಮೆಮೊರಿ ಹೇಳುವ ಕಡೆ ಸ್ಲಾಟ್‌ಗಳ ಸಂಖ್ಯೆಯನ್ನೂ ಗರಿಷ್ಠ ಮೆಮೊರಿಯನ್ನೂ ಕೊಡಬೇಕು. ವಿಎಂಗೆ 4 ಜಿಬಿ ರ್‍ಯಾಮ್, 4 ಜಿಬಿ ಎನ್‌ವಿಡಿಮ್ ಆದರೆ ಗರಿಷ್ಠ 8 ಜಿಬಿಯಾದರೂ ಇರಲೇಬೇಕು. ಹಲವರಿಗೆ ವಿಎಂ ಏಳುವುದೇ ಇಲ್ಲ ಎನ್ನುವಂತಾಗುವುದು ಈ ಲೆಕ್ಕ ತಪ್ಪಿದಾಗ. ಆಮೇಲೆ ಹೋಸ್ಟ್‌ನಲ್ಲಿರುವ, ಅಂದರೆ ವಿಎಂ ಓಡುವ ಯಂತ್ರದಲ್ಲಿರುವ ಒಂದು ಫೈಲನ್ನು ಮೆಮೊರಿಯ ಬೆನ್ನಿಗೆ ಕೊಟ್ಟು, ಅದರ ಮೇಲೆ ಎನ್‌ವಿಡಿಮ್ ಸಾಧನವನ್ನು ಕೂರಿಸಬೇಕು. ಲಿಬ್‌ವರ್ಟ್ ಬಳಸುವವರು ಎಕ್ಸ್‌ಎಂಎಲ್‌ನಲ್ಲಿ ಇದನ್ನೇ ಬರೆಯುತ್ತಾರೆ. ಅಲ್ಲಿ ಗೆಸ್ಟ್‌ಗೆ, ಅಂದರೆ ವಿಎಂ ಒಳಗಿನ ವ್ಯವಸ್ಥೆಗೆ, ನ್ಯೂಮಾ ವಿನ್ಯಾಸವನ್ನೂ ಹೇಳಬೇಕಾಗುತ್ತದೆ. ಇಷ್ಟು ಮಾಡಿದರೆ ಒಳಗೆ ಪಿಮೆಮ್0 ಬಂದು ನಿಲ್ಲುತ್ತದೆ.

ಆ ಫೈಲನ್ನು ಕೊಡುವಾಗ ‘ಶೇರ್’ ಎಂಬ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡದಿದ್ದರೆ ವಿಎಂ ಬರೆದದ್ದೆಲ್ಲ ಕ್ಯೂಎಮುವಿನ ಖಾಸಗಿ ಪ್ರತಿಗೆ ಹೋಗುತ್ತದೆಯೇ ಹೊರತು ಫೈಲಿಗಲ್ಲ. ವಿಎಂ ನಿಲ್ಲಿಸಿದ ಕೂಡಲೇ ಎಲ್ಲ ಮಾಯ. ಇದು ಬೇಗ ಗೊತ್ತಾಗುವ ಲೋಪ. ಮುಂದೆ ಹೇಳುವುದು ಬೇಗ ಗೊತ್ತಾಗದ್ದು.

ಬೆನ್ನಿಗಿರುವ ಫೈಲು ಹೋಸ್ಟ್‌ನ ಸಾಮಾನ್ಯ ಎಸ್‌ಎಸ್‌ಡಿಯ ಮೇಲೆ, ಸಾಮಾನ್ಯ ಇಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿದೆ ಎಂದಿಟ್ಟುಕೊಳ್ಳಿ. ಬಹುಪಾಲು ಮಂದಿಯದು ಇದೇ ಸ್ಥಿತಿ. ವಿಎಂ ಒಳಗಿನ ಡೇಟಾಬೇಸ್ ಬರೆದು, ಕ್ಯಾಶ್ ತಳ್ಳಿ, ‘ಉಳಿಯಿತು’ ಎಂದುಕೊಳ್ಳುತ್ತದೆ. ಗೆಸ್ಟ್ ಕರ್ನಲ್ ಕೂಡ ಹೌದೆನ್ನುತ್ತದೆ, ಏಕೆಂದರೆ ಅದಕ್ಕೆ ಕಾಣುತ್ತಿರುವುದು ನಿಜವಾದ ಎನ್‌ವಿಡಿಮ್. ಆದರೆ ಆ ಬೈಟು ಹೋಗಿ ಕೂತದ್ದು ಹೋಸ್ಟ್‌ನ ಪೇಜ್ ಕ್ಯಾಶ್‌ನಲ್ಲಿ, ಅಂದರೆ ಮಾಮೂಲಿ ರ್‍ಯಾಮ್‌ನಲ್ಲಿ. ಅದನ್ನು ಎಸ್‌ಎಸ್‌ಡಿಗೆ ಇಳಿಸಬೇಕೆಂದು ಹೋಸ್ಟ್‌ಗೆ ಯಾರೂ ಹೇಳಿಲ್ಲ. ಸಿಎಲ್‌ಡಬ್ಲ್ಯುಬಿ ಪ್ರೊಸೆಸರಿಗೆ ಕೊಟ್ಟ ಸೂಚನೆ, ಅದು ವಿಎಂ ಓಡಿಸುವ ಹೈಪರ್‌ವೈಸರಿನ ಕಿವಿಗೆ ಬೀಳುವುದೇ ಇಲ್ಲ. ಸ್ವೀಕೃತಿ ಚೀಟಿ ಲಗತ್ತಿಸಿ ರಿಜಿಸ್ಟರ್ಡ್ ಅಂಚೆ ಕಳಿಸಿದಾಗ, ವಿಳಾಸದಾರರ ಬದಲು ಗೇಟಿನ ಕಾವಲುಗಾರ ಸಹಿ ಹಾಕಿ ಚೀಟಿಯನ್ನು ವಾಪಸು ಕಳಿಸಿದ ಹಾಗೆ ಇದು. ಪತ್ರ ಒಳಗೆ ತಲುಪಲೂಬಹುದು, ತಲುಪದಿರಲೂಬಹುದು, ಕಳಿಸಿದವನ ಕೈಯಲ್ಲಿ ಮಾತ್ರ ಸಹಿಯಾದ ಚೀಟಿ ಇದೆ. ಲಿನಕ್ಸ್‌ನ ಸಾಮಾನ್ಯ ಹೊಂದಾಣಿಕೆಯಲ್ಲಿ ಬದಲಾದ ಪುಟವೊಂದು ಡಿಸ್ಕಿಗೆ ಇಳಿಯುವ ಮುನ್ನ 30 ಸೆಕೆಂಡಿನಷ್ಟು ಕಾಲ ಪೇಜ್ ಕ್ಯಾಶ್‌ನಲ್ಲೇ ಇರಬಹುದು. ಅಷ್ಟರಲ್ಲಿ ಹೋಸ್ಟ್‌ನ ಕರೆಂಟು ಹೋದರೆ, ‘ಹಣ ಜಮೆಯಾಗಿದೆ’ ಎಂದು ಡೇಟಾಬೇಸ್ ಗ್ರಾಹಕನಿಗೆ ಹೇಳಿಯಾಗಿದ್ದರೂ ದಾಖಲೆ ಇರುವುದಿಲ್ಲ. ನಮ್ಮಲ್ಲಿ ಕರೆಂಟು ಹೋಗುವುದು ಪುಸ್ತಕದ ಉದಾಹರಣೆಯಲ್ಲ. ಯುಪಿಎಸ್ ಇದೆ ಎನ್ನುವವರಿಗೂ ಹೇಳುತ್ತೇನೆ: ಕರ್ನಲ್ ಪ್ಯಾನಿಕ್ ಆದರೂ ಪವರ್ ಸಪ್ಲೈ ಸುಟ್ಟರೂ ಫಲ ಇದೇ.

ಇಲ್ಲಿ ನನಗೆ ನಿಜಕ್ಕೂ ಕಳವಳ ತರುವ ಒಂದು ಸಣ್ಣ ವಿವರವಿದೆ. ಕ್ಯೂಎಮುವಿನ ಫೈಲ್ ಬ್ಯಾಕೆಂಡ್‌ಗೆ, ಅಂದರೆ ಬೆನ್ನಿಗೆ ಕೊಟ್ಟ ಫೈಲಿಗೆ, ‘ಪಿಮೆಮ್=ಆನ್’ ಎಂಬ ಇನ್ನೊಂದು ಆಯ್ಕೆ ಇದೆ. ಹೆಸರು ನೋಡಿದವರು ಅದನ್ನು ಹಾಕಿದರೆ ಎಲ್ಲ ಸುಭದ್ರ ಎಂದು ನಂಬುತ್ತಾರೆ. ಅದು ಮಾಡುವ ಕೆಲಸ ಬೇರೆ. ಬೆನ್ನಿಗಿರುವುದು ನಿಜವಾದ ಪರ್ಸಿಸ್ಟೆಂಟ್ ಮೆಮೊರಿ ಎಂದು ನೀವೇ ಕ್ಯೂಎಮುವಿಗೆ ಭರವಸೆ ಕೊಡುವ ಆಯ್ಕೆ ಅದು. ಆಗ ಕ್ಯೂಎಮು ತಾನೇ ಬರೆಯುವುದನ್ನು, ಉದಾಹರಣೆಗೆ ಲೇಬಲ್ ಜಾಗವನ್ನು ಅಥವಾ ವಿಎಂ ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ಬರುವಾಗ ಬಂದಿಳಿಯುವ ಡೇಟಾವನ್ನು, ಸರಿಯಾದ ಕ್ರಮದಲ್ಲಿ ಉಳಿಸುತ್ತದೆ. ಜೊತೆಗೆ ಫೈಲನ್ನು ಮ್ಯಾಪ್-ಸಿಂಕ್‌ನೊಂದಿಗೆ ತೆರೆಯಲು ಯತ್ನಿಸುತ್ತದೆ. ಸಾಮಾನ್ಯ ಎಸ್‌ಎಸ್‌ಡಿಯ ಫೈಲಾದರೆ ಆ ಯತ್ನ ಸೋಲುತ್ತದೆ. ಸೋತಾಗ ಕ್ಯೂಎಮು ನಿಲ್ಲುವುದಿಲ್ಲ. ಹೋಸ್ಟ್ ಕುಸಿದರೆ ಡೇಟಾ ಕೆಡಬಹುದು ಎಂಬ ಎಚ್ಚರಿಕೆಯೊಂದನ್ನು ಬರೆದು ಮುಂದೆ ಸಾಗುತ್ತದೆ. ಲಿಬ್‌ವರ್ಟ್ ಬಳಸುವವರ ಪಾಲಿಗೆ ಆ ಎಚ್ಚರಿಕೆ ವಿಎಂನ ಲಾಗ್ ಫೈಲಿನಲ್ಲಿ ಬಿದ್ದಿರುತ್ತದೆ. ವಿಎಂ ಸರಾಗವಾಗಿ ಎದ್ದು ಓಡುತ್ತಿರುವಾಗ ಲಾಗ್ ತೆರೆದು ನೋಡುವವರು ಎಷ್ಟು ಮಂದಿ? ಇಂಥ ಕಡೆ ಎಚ್ಚರಿಕೆ ಸಾಲದು, ವಿಎಂ ಏಳಲೇಬಾರದು ಎಂಬುದು ನನ್ನ ಅಭಿಪ್ರಾಯ. ನೀವಾದರೂ ಆ ಲಾಗ್ ನೋಡಿ.

‘ನಾನು ಪರೀಕ್ಷಿಸಿದ್ದೇನೆ, ಕ್ಯೂಎಮುವನ್ನು ನಡುವೆಯೇ ಕೊಂದು ಹಾಕಿದರೂ ಡೇಟಾ ಹಾಗೇ ಇತ್ತು’ ಎಂದು ಬರೆದವರಿದ್ದಾರೆ. ಆ ಪರೀಕ್ಷೆ ಏನನ್ನೂ ಸಾಬೀತು ಮಾಡುವುದಿಲ್ಲ. ಕ್ಯೂಎಮು ಸತ್ತರೂ ಹೋಸ್ಟ್ ಬದುಕಿದೆ, ಅದರ ಪೇಜ್ ಕ್ಯಾಶೂ ಬದುಕಿದೆ, ಫೈಲನ್ನು ಮತ್ತೆ ತೆರೆದಾಗ ಕಾಣುವುದು ಆ ಕ್ಯಾಶ್‌ನಲ್ಲಿರುವುದೇ. ಸಾಯಬೇಕಾದ್ದು ಹೋಸ್ಟ್. ಹಾಗೆಂದು ಮನೆಯ ಯಂತ್ರದ ಪ್ಲಗ್ ಕಿತ್ತು ನೋಡಿ ಎಂದು ನಾನು ಹೇಳಲಾರೆ. ಅದಕ್ಕೊಂದು ಒಳ್ಳೆಯ ಉಪಾಯವಿದೆ. ವಿಎಂ ಒಳಗೆ ವಿಎಂ ಓಡಿಸುವ ನೆಸ್ಟೆಡ್ ಸೌಲಭ್ಯವನ್ನು ಬಳಸಿ. ಹೊರಗಿನ ವಿಎಂ ಹೋಸ್ಟ್‌ನ ಪಾತ್ರ ವಹಿಸಲಿ, ಎನ್‌ವಿಡಿಮ್ ಒಳಗಿನದಕ್ಕೆ ಸಿಗಲಿ. ಒಳಗಿನಿಂದ ಸಂಖ್ಯೆಗಳನ್ನು ಒಂದೊಂದಾಗಿ ಬರೆಯುತ್ತಾ, ಪ್ರತಿಯೊಂದು ‘ಉಳಿಯಿತು’ ಎನಿಸಿದ ಕೂಡಲೇ ಅದನ್ನು ನೆಟ್‌ವರ್ಕ್ ಮೂಲಕ ಹೊರಗೆ ಕಳಿಸಿ ದಾಖಲಿಸಿಕೊಳ್ಳಿ. ನಡುವೆ ಹೊರಗಿನ ವಿಎಂ ಅನ್ನು ವರ್ಶ್ ಡೆಸ್ಟ್ರಾಯ್ ಆಜ್ಞೆಯಿಂದ ಒಮ್ಮೆಲೇ ನಿಲ್ಲಿಸಿ. ಅದರ ರ್‍ಯಾಮ್ ಹೋಯಿತು, ಜೊತೆಗೆ ಪೇಜ್ ಕ್ಯಾಶೂ ಹೋಯಿತು. ಮತ್ತೆ ಎಬ್ಬಿಸಿ, ಫೈಲಿನಲ್ಲಿರುವ ಕೊನೆಯ ಸಂಖ್ಯೆಯನ್ನು ನೀವು ದಾಖಲಿಸಿಕೊಂಡ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿ. ಪ್ರಶ್ನೆ ಕೇಳಿದ ವಿದ್ಯಾರ್ಥಿಗಳಿಗೆ ನಾನು ಕೊಡುವ ಮನೆಗೆಲಸ ಇದು. ಎರಡು ಸಂಖ್ಯೆಗಳ ನಡುವಿನ ಅಂತರ ಕಣ್ಣಿಗೆ ಬಿದ್ದ ಮೇಲೆ ಯಾರೂ ಈ ವಿಷಯವನ್ನು ಹಗುರವಾಗಿ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ವರ್ಟಿಯೋ-ಪಿಮೆಮ್. 2019ರಲ್ಲಿ ಲಿನಕ್ಸ್ 5.3 ಮತ್ತು ಕ್ಯೂಎಮು 4.1ರಲ್ಲಿ ಇದು ಸೇರಿತು. ಇದು ಎನ್‌ವಿಡಿಮ್ ವೇಷ ಹಾಕುವುದಿಲ್ಲ. ‘ನನ್ನ ಬೆನ್ನಿಗಿರುವುದು ಹೋಸ್ಟ್‌ನ ಮಾಮೂಲಿ ಫೈಲು’ ಎಂದು ಗೆಸ್ಟ್‌ಗೆ ಮೊದಲೇ ಹೇಳುತ್ತದೆ. ಹಾಗಾಗಿ ಅದರ ಮೇಲೆ ಮ್ಯಾಪ್-ಸಿಂಕ್ ಕೇಳಿದರೆ ಗೆಸ್ಟ್ ಕರ್ನಲ್ ಆಗದು ಎನ್ನುತ್ತದೆ. ಪ್ರೋಗ್ರಾಮು ಎಫ್‌ಸಿಂಕ್ ಕರೆಯಲೇಬೇಕು. ಕರೆದಾಗ ಆ ಕೋರಿಕೆ ವರ್ಟಿಯೋ ಸರತಿಯ ಮೂಲಕ ಹೋಸ್ಟ್‌ಗೆ ತಲುಪುತ್ತದೆ, ಹೋಸ್ಟ್ ತನ್ನ ಫೈಲಿನ ಮೇಲೆ ಎಫ್‌ಸಿಂಕ್ ಮಾಡುತ್ತದೆ, ಮುಗಿದ ಮೇಲಷ್ಟೇ ಉತ್ತರ ಕೊಡುತ್ತದೆ. ನಿಧಾನ, ನಿಜ. ಒಂದು ಪುಟ ಬದಲಾದರೂ ಎಫ್‌ಸಿಂಕ್ ನಡೆಯುವುದು ಇಡೀ ಬೆನ್ನಿನ ಫೈಲಿನ ಮೇಲೆ. ಆದರೆ ಡೇಟಾ ಉಳಿಯದೆ ‘ಉಳಿಯಿತು’ ಎನ್ನುವುದಿಲ್ಲ. ನನಗೆ ಆ ನಿಧಾನವೇ ಮೇಲು.

ಹಾಗಾದರೆ ನಿಜವಾದ ಪರ್ಸಿಸ್ಟೆಂಟ್ ಮೆಮೊರಿಯೇ ಇಲ್ಲದಾಗ ಇದರಿಂದ ಏನು ಪ್ರಯೋಜನ, ಮಾಮೂಲಿ ವರ್ಚುವಲ್ ಡಿಸ್ಕ್ ಸಾಲದೇ ಎಂದು ಕೇಳಬಹುದು. ಪ್ರಯೋಜನ ಇರುವುದು ಬರೆಯುವುದರಲ್ಲಿ ಅಷ್ಟಾಗಿ ಅಲ್ಲ, ಓದುವುದರಲ್ಲಿ. ಮಾಮೂಲಿ ಡಿಸ್ಕಿನಿಂದ ಓದಿದ ಪ್ರತಿಯೊಂದು ಪುಟವನ್ನೂ ಗೆಸ್ಟ್ ತನ್ನ ಪೇಜ್ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಒಂದೇ 200 ಎಂಬಿ ಇಮೇಜಿನಿಂದ 50 ವಿಎಂಗಳು ಎದ್ದವೆನ್ನಿ. ಎಲ್ಲವೂ ಅದನ್ನು ಪೂರ್ತಿ ಓದಿದರೆ ಅದೇ ಲೈಬ್ರರಿಗಳ 50 ಪ್ರತಿಗಳು ರ್‍ಯಾಮ್‌ನಲ್ಲಿ ಸುಮಾರು 10 ಜಿಬಿ ತಿಂದು ಕೂರುತ್ತವೆ. ಅದೇ ಇಮೇಜನ್ನು ಪರ್ಸಿಸ್ಟೆಂಟ್ ಮೆಮೊರಿಯ ರೂಪದಲ್ಲಿ ಕೊಟ್ಟು ಗೆಸ್ಟ್‌ನಲ್ಲಿ ಡ್ಯಾಕ್ಸ್ ಬಳಸಿದರೆ ಗೆಸ್ಟ್‌ಗೆ ಸ್ವಂತ ಪ್ರತಿ ಬೇಕಿಲ್ಲ. 50 ವಿಎಂಗಳೂ ಹೋಸ್ಟ್‌ನ ಪೇಜ್ ಕ್ಯಾಶ್‌ನಲ್ಲಿರುವ ಒಂದೇ ಪ್ರತಿಯನ್ನು ನೋಡುತ್ತವೆ. 2015ರಲ್ಲಿ ಇಂಟೆಲ್‌ನ ಕ್ಲಿಯರ್ ಕಂಟೈನರ್ಸ್ ಯೋಜನೆ ಈ ದಾರಿ ಹಿಡಿಯಿತು. ಅದರ ಮುಂದುವರಿಕೆಯಾಗಿ 2017ರ ಡಿಸೆಂಬರ್‌ನಲ್ಲಿ ಘೋಷಣೆಯಾದ ಕಾಟಾ ಕಂಟೈನರ್ಸ್ ಕೂಡ ಗೆಸ್ಟ್‌ನ ಮೂಲ ಇಮೇಜನ್ನು ಎನ್‌ವಿಡಿಮ್ ಆಗಿ ಜೋಡಿಸುವ ವಿಧಾನವನ್ನು ಬಳಸಿಕೊಂಡಿತು. ಇದು ನನಗೆ ತುಂಬ ಇಷ್ಟವಾದ ಬಳಕೆ. ಬರೆಯುವುದೇ ಇಲ್ಲದ ಕಡೆ ‘ಉಳಿಯುತ್ತದೆಯೇ’ ಎಂಬ ಪ್ರಶ್ನೆ ಏಳುವುದೇ ಇಲ್ಲ. ಆಗ ಬ್ಯಾಕೆಂಡ್‌ನಲ್ಲಿ ರೀಡ್-ಓನ್ಲಿಯನ್ನೂ ಸಾಧನದಲ್ಲಿ ‘ಅನ್‌ಆರ್ಮ್ಡ್’ ಆಯ್ಕೆಯನ್ನೂ ಆನ್ ಮಾಡಿ. ಎರಡನೆಯದು ಕಂಡರೆ ಲಿನಕ್ಸ್ ಗೆಸ್ಟ್ ಆ ಸಾಧನವನ್ನು ಓದಲು ಮಾತ್ರ ಬಳಸುತ್ತದೆ. ಒಂದು ಎಚ್ಚರ ಬೇಕು. ಒಬ್ಬರನ್ನೊಬ್ಬರು ನಂಬದ ಗ್ರಾಹಕರ ವಿಎಂಗಳ ನಡುವೆ ಹೀಗೆ ಫೈಲು ಹಂಚಬೇಡಿ. ಹಂಚಿಕೊಂಡ ಪೇಜ್ ಕ್ಯಾಶ್‌ನಲ್ಲಿ ಯಾವ ಪುಟ ಬೇಗ ಸಿಕ್ಕಿತು ಎಂಬುದನ್ನು ಅಳೆದು ಇನ್ನೊಬ್ಬರು ಏನು ಓದುತ್ತಿದ್ದಾರೆ ಎಂದು ಊಹಿಸಲು ಸಾಧ್ಯ.

ಗೆಸ್ಟ್ ಒಳಗಿನ ಕೆಲಸದ ಬಗ್ಗೆ ಕೇಳುವವರಿಗೆ ಎರಡು ಮಾತು. ಪಿಮೆಮ್0 ಬಂದಿದ್ದರೂ ಡ್ಯಾಕ್ಸ್ ಮೌಂಟ್ ಆಗುತ್ತಿಲ್ಲ ಎಂಬ ದೂರು ಸಾಮಾನ್ಯ. ವರ್ಚುವಲ್ ಎನ್‌ವಿಡಿಮ್‌ನಲ್ಲಿ ನೇಮ್‌ಸ್ಪೇಸ್ (ಸಾಧನದ ಜಾಗದ ವಿಭಾಗ) ಆರಂಭದಲ್ಲಿ ಹೆಚ್ಚಾಗಿ ‘ರಾ’ ಸ್ಥಿತಿಯಲ್ಲಿರುತ್ತದೆ. ಎನ್‌ಡಿಸಿಟಿಎಲ್ ಉಪಕರಣದಿಂದ ಅದನ್ನು ‘ಎಫ್‌ಎಸ್‌ಡ್ಯಾಕ್ಸ್’ಗೆ ಬದಲಿಸಬೇಕು. ಬದಲಿಸಿದ ಮೇಲೆ ಜಾಗ ಸ್ವಲ್ಪ ಕಡಿಮೆ ಕಂಡರೆ ಗಾಬರಿಯಾಗಬೇಡಿ. ಪ್ರತಿ 4 ಕೆಬಿ ಪುಟಕ್ಕೆ 64 ಬೈಟು ಲೆಕ್ಕಪತ್ರ ಬೇಕು, ಅಂದರೆ 1 ಟಿಬಿಗೆ 16 ಜಿಬಿ. ಎಕ್ಸ್‌ಎಫ್‌ಎಸ್ ಬಳಸುವವರು ಹಳೆಯ ಕರ್ನಲ್‌ನಲ್ಲಿದ್ದರೆ ಫಾರ್ಮ್ಯಾಟ್ ಮಾಡುವಾಗಲೇ ರಿಫ್ಲಿಂಕ್ ಎಂಬ ಸೌಲಭ್ಯವನ್ನು ಆಫ್ ಮಾಡಬೇಕು, ಅಲ್ಲಿ ಅದಕ್ಕೂ ಡ್ಯಾಕ್ಸ್‌ಗೂ ಹೊಂದುವುದಿಲ್ಲ.

ವಿಎಂವೇರ್‌ನಲ್ಲಿ 2018ರ ವಿಸ್ಫಿಯರ್ 6.7ರಿಂದ, ಹೈಪರ್-ವಿಯಲ್ಲಿ ವಿಂಡೋಸ್ ಸರ್ವರ್ 2019ರಿಂದ ವಿಎಂಗೆ ಪರ್ಸಿಸ್ಟೆಂಟ್ ಮೆಮೊರಿ ಜೋಡಿಸುವ ಸೌಲಭ್ಯ ಇದೆ. ಅಲ್ಲಿ ಹೋಸ್ಟ್‌ಗೆ ನಿಜವಾದ ಮಾಡ್ಯೂಲ್ ಬೇಕೇ ಬೇಕು, ಹಾಗಾಗಿ ನಾನು ಹೇಳಿದ ಬಗೆಯ ಗೊಂದಲ ಕಡಿಮೆ. ಹೈಪರ್-ವಿಯಲ್ಲಿ ಎರಡನೆಯ ತಲೆಮಾರಿನ ವಿಎಂ ಆಗಿರಬೇಕು, ಮತ್ತು ಹೀಗೆ ಜೋಡಿಸಿದ ವಿಎಂಗೆ ಲೈವ್ ಮೈಗ್ರೇಶನ್ ಇಲ್ಲ. ಕ್ಯೂಎಮುವಿನಲ್ಲಿ ಮೈಗ್ರೇಶನ್ ಆಗುತ್ತದೆ, ಆದರೆ ಎನ್‌ವಿಡಿಮ್‌ನಲ್ಲಿರುವುದನ್ನೂ ರ್‍ಯಾಮ್‌ನಂತೆಯೇ ನೆಟ್‌ವರ್ಕ್ ಮೇಲೆ ಸಾಗಿಸಬೇಕಾಗುತ್ತದೆ. ನೂರಾರು ಜಿಬಿ ಜೋಡಿಸುವವರು ಇದನ್ನು ಮೊದಲೇ ಯೋಚಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತೀರ್ಪು ಹೀಗಿದೆ. ನಿಮ್ಮ ಹೋಸ್ಟ್‌ನಲ್ಲಿ ಆಪ್ಟೇನ್ ಅಥವಾ ಬ್ಯಾಟರಿ ಬೆಂಬಲದ ಎನ್‌ವಿಡಿಮ್ ನಿಜಕ್ಕೂ ಇದ್ದು, ಬೆನ್ನಿನ ಫೈಲು ಡ್ಯಾಕ್ಸ್‌ನಲ್ಲಿ ಮೌಂಟ್ ಆದ ಫೈಲ್ ಸಿಸ್ಟಂನಲ್ಲಿದ್ದರೆ ಅಥವಾ ಸೀದಾ ಡಿವೈಸ್-ಡ್ಯಾಕ್ಸ್ ಸಾಧನವೇ ಆಗಿದ್ದರೆ, ಶೇರ್ ಮತ್ತು ಪಿಮೆಮ್ ಎರಡನ್ನೂ ಆನ್ ಮಾಡಿ ಎನ್‌ವಿಡಿಮ್ ಬಳಸಿ. ಇಲ್ಲದಿದ್ದರೆ ಬರೆಯುವ ಡೇಟಾಕ್ಕೆ ವರ್ಟಿಯೋ-ಪಿಮೆಮ್, ಓದುವ ಇಮೇಜಿಗೆ ರೀಡ್-ಓನ್ಲಿ ಎನ್‌ವಿಡಿಮ್. ಮಾಮೂಲಿ ಫೈಲಿನ ಮೇಲೆ ಬರೆಯಬಲ್ಲ ಎನ್‌ವಿಡಿಮ್ ಇರಬೇಕಾದ್ದು ಪ್ರಯೋಗಶಾಲೆಯಲ್ಲಿ ಮಾತ್ರ. ಪ್ರೋಗ್ರಾಮು ಕಲಿಯುವವರಿಗೆ, ಕರ್ನಲ್ ಪರೀಕ್ಷಿಸುವವರಿಗೆ ಅದು ಬಹಳ ಉಪಯುಕ್ತ. ಇನ್ನು ಕಮಿಟ್‌ಗೊಮ್ಮೆ ಎಫ್‌ಸಿಂಕ್ ಕರೆಯುವ ಸಾಧಾರಣ ಡೇಟಾಬೇಸ್ ನಿಮ್ಮದಾದರೆ, ಒಳ್ಳೆಯ ಎಸ್‌ಎಸ್‌ಡಿಯ ಮೇಲಿನ ವರ್ಟಿಯೋ ಡಿಸ್ಕೇ ಸಾಕು. ಬೇರೆಯವರ ಸರ್ವರ್‌ನಲ್ಲಿ ವಿಎಂ ಬಾಡಿಗೆ ಪಡೆದವರು ಡೇಟಾ ಇಡುವ ಮುನ್ನ ಅದನ್ನು ನಡೆಸುವವರಿಗೆ ಎರಡು ಪ್ರಶ್ನೆ ಬರೆದು ಕಳಿಸಿ: ಈ ಸಾಧನದ ಬೆನ್ನಿಗೆ ಇರುವುದೇನು, ಅದು ಡ್ಯಾಕ್ಸ್‌ನಲ್ಲಿದೆಯೇ? ಲಿಖಿತ ಉತ್ತರ ಬರುವ ತನಕ ಅಲ್ಲಿ ಗ್ರಾಹಕರ ದಾಖಲೆ ಇಡಬೇಡಿ.